ಮನೆಯಿಂದ ಹೊರಟ ಆಕಾಶವಾಣಿ: ಡಾ. ಎಂ. ವಿ. ಗೋಪಾಲಸ್ವಾಮಿಯವರ ಜೀವನ

ಆಕಾಶವಾಣಿ ಎಂಬ ಶಬ್ದವನ್ನು ಅರಿಯದ ಕನ್ನಡಿಗರು ವಿರಳ. ಪುರಾಣ ಬಲ್ಲ ಹಿರಿಯರಿಗೆ ಅದು ದೇವಕಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನ ಕಿವಿಗೆ ಬಿದ್ದ ಅಶರೀರವಾಣಿ. ನಮ್ಮ ತಂದೆ ತಾಯಿಯರ ತಲೆಮಾರಿಗೆ ಅದು ಬೆಳಗಿನ ವಾರ್ತೆ, ಕೃಷಿರಂಗ, ಚಿತ್ರಗೀತೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಒಲೆ ಆರದಂತೆ ರಾತ್ರಿಯೆಲ್ಲ ಎದ್ದಿರಬೇಕಾಗುತ್ತದೆ. ಆಗ ಸೌದೆ ಒಟ್ಟುವವನಿಗೆ ಜೊತೆಯಾಗಿರುತ್ತಿದ್ದುದು ಒಂದು ಸಣ್ಣ ರೇಡಿಯೋ. ಆ ಪೆಟ್ಟಿಗೆಯ ಧ್ವನಿಗೆ ಈ ಹೆಸರು ಎಲ್ಲಿಂದ ಬಂತೆಂದು ವಿಚಾರಿಸಿದವರು ಕಡಮೆ. ದೆಹಲಿಯ ಯಾವುದೋ ಕಚೇರಿಯಲ್ಲಿ ಯಾರೋ ಅಧಿಕಾರಿಗಳು ಇಟ್ಟ ಹೆಸರೆಂದು ಬಹುಮಂದಿ ಭಾವಿಸಿರಬಹುದು. ವಾಸ್ತವದಲ್ಲಿ ಆ ಹೆಸರು ಬಂದುದು ನಮ್ಮ ಜಿಲ್ಲೆಯ ಕೇಂದ್ರವಾದ ಮೈಸೂರಿನ ಒಂದು ವಾಸದ ಮನೆಯಿಂದ. ಆ ಮನೆಯ ಯಜಮಾನರು ವಿಜ್ಞಾನದ ಅಧ್ಯಾಪಕರೂ ಅಲ್ಲ, ಎಂಜಿನಿಯರೂ ಅಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು.

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಾವು ಅವರ ಜೀವನವನ್ನು ಸ್ವಲ್ಪ ತಿಳಿದುಕೊಳ್ಳುವುದು ಯುಕ್ತ. ಯಂತ್ರವೆಂದರೆ ಅದು ವಿಜ್ಞಾನದವರ ಸೊತ್ತು, ನಮಗೇನಿದ್ದರೂ ಪುಸ್ತಕ ಮತ್ತು ಪರೀಕ್ಷೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಗೋಪಾಲಸ್ವಾಮಿಯವರ ಬದುಕನ್ನು ನೋಡಿದವರಿಗೆ ಆ ಭಾವನೆ ಸಡಿಲವಾಗದೆ ಇರದು.

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿ, ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಶಿಷ್ಯರಾದರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯಬಹುದೇ, ಅಳೆಯುವುದಾದರೆ ಹೇಗೆ ಎಂಬ ಪ್ರಶ್ನೆಗೆ ಗಣಿತದ ಸಹಾಯದಿಂದ ಉತ್ತರ ಹುಡುಕಿದವರು ಸ್ಪಿಯರ್‌ಮನ್. ಒಬ್ಬನು ಮಾಡುವ ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಶಕ್ತಿ ಇರುತ್ತದೆ, ಅದರ ಜೊತೆಗೆ ಆಯಾ ಕೆಲಸಕ್ಕೆ ಬೇಕಾದ ವಿಶೇಷ ಶಕ್ತಿಯೂ ಇರುತ್ತದೆ ಎಂಬುದನ್ನು 1904ರಷ್ಟು ಹಿಂದೆಯೇ ಅವರು ಪ್ರತಿಪಾದಿಸಿದ್ದರು. ಅಂಥ ಗುರುವಿನ ಬಳಿ ಕಲಿತು ಬಂದ ಗೋಪಾಲಸ್ವಾಮಿಯವರಿಗೆ ಮನಸ್ಸೆಂಬುದು ಬರಿಯ ಚರ್ಚೆಯ ವಸ್ತುವಾಗಿ ಉಳಿದಿರಲಿಲ್ಲ. ಪ್ರಯೋಗಮಾಡಿ, ಅಳತೆಮಾಡಿ ನೋಡಬೇಕಾದ ವಸ್ತುವಾಗಿತ್ತು.

ಅವರು ಮೈಸೂರಿಗೆ ಬಂದ ಕಾಲ ಬಹಳ ಅನುಕೂಲವಾದ ಕಾಲ. 1916ರಲ್ಲಿ ಸ್ಥಾಪಿತವಾಗಿದ್ದ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಎಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಮಹಾದಾರ್ಶನಿಕರಾದ ಬ್ರಜೇಂದ್ರನಾಥ ಶೀಲರು ಕುಲಪತಿಗಳು. 1924ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗ ಆರಂಭವಾದಾಗ ಅದರ ಹೊಣೆ ಗೋಪಾಲಸ್ವಾಮಿಯವರ ಮೇಲೆ ಬಿತ್ತು. ಇಡೀ ಭಾರತದಲ್ಲಿ ಇದಕ್ಕೆ ಮುಂಚೆ ಅಂಥ ವಿಭಾಗ ಇದ್ದುದು ಕಲ್ಕತ್ತೆಯಲ್ಲಿ ಮಾತ್ರ. ಅಲ್ಲಿಯವರೆಗೆ ತತ್ತ್ವಶಾಸ್ತ್ರದ ಒಂದು ಮೂಲೆಯಲ್ಲಿ ಕುಳಿತಿದ್ದ ಈ ವಿಷಯಕ್ಕೆ ಮೈಸೂರಿನಲ್ಲಿ ತನ್ನದೇ ಆದ ಕೊಠಡಿಯೂ ಉಪಕರಣಗಳೂ ದೊರೆತವು. ಆ ಕಾಲದ ಮನಶ್ಶಾಸ್ತ್ರದ ಪ್ರಯೋಗಶಾಲೆಯೆಂದರೆ ಗಡಿಯಾರ, ವಿದ್ಯುತ್ ಘಂಟೆ, ತಂತಿ, ಬ್ಯಾಟರಿ ಮೊದಲಾದವುಗಳ ಸಂಗ್ರಹ. ಒಂದು ದೀಪ ಹೊತ್ತಿಕೊಂಡಮೇಲೆ ಮನುಷ್ಯ ಎಷ್ಟು ಬೇಗ ಗುಂಡಿ ಒತ್ತುತ್ತಾನೆ ಎಂಬುದನ್ನು ಸೆಕೆಂಡಿನ ಸಣ್ಣ ಭಾಗಗಳಲ್ಲಿ ಅಳೆಯುವುದು ಅಲ್ಲಿನ ನಿತ್ಯದ ಪಾಠ. ತಂತಿಯೊಡನೆ ಹೀಗೆ ಬಳಕೆಯಿದ್ದ ಪ್ರಾಧ್ಯಾಪಕರ ಲಕ್ಷ್ಯ ತಂತಿಯಿಲ್ಲದ ತಂತಿವಾರ್ತೆಯ ಕಡೆಗೂ ಹರಿದದ್ದು ಆಶ್ಚರ್ಯವೇನಲ್ಲ.

ಅವರ ಸಾಹಸದ ಬೆಲೆ ತಿಳಿಯಬೇಕಾದರೆ ಅಂದಿನ ಭಾರತದಲ್ಲಿ ರೇಡಿಯೋ ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನೋಡಬೇಕು. ನಮ್ಮ ದೇಶದಲ್ಲಿ ಪ್ರಸಾರವನ್ನು ಆರಂಭಿಸಿದವರು ಸರ್ಕಾರದವರಲ್ಲ, ಹವ್ಯಾಸಿಗಳು. 1923ರಲ್ಲಿ ಮುಂಬಯಿಯ ರೇಡಿಯೋ ಕ್ಲಬ್ಬು, 1924ರಲ್ಲಿ ಮದರಾಸಿನ ರೇಡಿಯೋ ಕ್ಲಬ್ಬು ತಮ್ಮ ತಮ್ಮ ಶಕ್ತಿಯಿದ್ದಷ್ಟು ದಿನ ಪ್ರಸಾರ ನಡೆಸಿದವು. ಹಣ ಸಾಲದೆ ಮದರಾಸಿನವರು 1927ರಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷದ ಜುಲೈ 23ರಂದು ಒಂದು ಖಾಸಗಿ ಕಂಪೆನಿ ಮುಂಬಯಿಯಲ್ಲಿ ನಿಲಯ ತೆರೆಯಿತು. ಅದೂ ಮೂರು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. 1930ರಲ್ಲಿ ಸರ್ಕಾರ ಆ ಕೆಲಸವನ್ನು ತಾನು ವಹಿಸಿಕೊಂಡಿತು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್ 8ರಂದು. ಅಂದರೆ ಗೋಪಾಲಸ್ವಾಮಿಯವರು ತಮ್ಮ ನಿಲಯವನ್ನು ತೆರೆದಾಗ ಆಲ್ ಇಂಡಿಯಾ ರೇಡಿಯೋ ಎಂಬುದು ಇನ್ನೂ ಹುಟ್ಟಿರಲಿಲ್ಲ. ಕಂಪೆನಿಗಳೇ ನಷ್ಟಪಟ್ಟು ಕೈಬಿಟ್ಟ ಕೆಲಸವನ್ನು ಸಂಬಳವನ್ನು ನೆಚ್ಚಿದ ಒಬ್ಬ ಅಧ್ಯಾಪಕರು ಕೈಗೆತ್ತಿಕೊಂಡರು.

1935ನೆಯ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸವಾದ ವಿಠಲ ವಿಹಾರದಿಂದ ಅವರು ಪ್ರಸಾರವನ್ನು ಆರಂಭಿಸಿದರು. ಮೊದಲು ಇದ್ದ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್. ಇಂದು ನಾವು ಮನೆಯಲ್ಲಿ ಉರಿಸುವ ಹಳೆಯ ಮಾದರಿಯ 40 ವಾಟಿನ ಬಲ್ಬು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ! ಆ ಸಣ್ಣ ಯಂತ್ರದಿಂದ ಹೊರಟ ಅಲೆಗಳು ಎಲ್ಲ ದಿಕ್ಕಿಗೂ ಹರಡಿ, ಊರಿನ ಸುತ್ತಮುತ್ತ ಕೇಳುವುದೇ ಹೆಚ್ಚು. ಅನಂತರ 250 ವಾಟಿನ ಯಂತ್ರವನ್ನು ತರಿಸಿಕೊಂಡು ನಿಲಯದ ಧ್ವನಿಯನ್ನು ಹಿಗ್ಗಿಸಿದರು. ಸಂಗೀತ, ಸಾಹಿತ್ಯ, ಉಪನ್ಯಾಸ ಇವು ಒಂದು ಸಂಸಾರಸ್ಥರ ಮನೆಯಿಂದ ಗಾಳಿಯಲ್ಲಿ ಹೊರಟು ಕೇಳುಗರನ್ನು ಮುಟ್ಟತೊಡಗಿದವು.

ಈ ಕಾರ್ಯದಲ್ಲಿ ಅವರಿಗೆ ಒತ್ತಾಸೆಯಾಗಿದ್ದವರಲ್ಲಿ ಅದೇ ಕಾಲೇಜಿನ ಇತಿಹಾಸದ ಅಧ್ಯಾಪಕರೂ ಕನ್ನಡದ ಹೆಸರಾಂತ ಹಾಸ್ಯಲೇಖಕರೂ ಆದ ನಾ. ಕಸ್ತೂರಿಯವರು ಮುಖ್ಯರು. ಆಕಾಶವಾಣಿ ಎಂಬ ನಾಮಕರಣದ ಪ್ರಸ್ತಾಪ ಬಂದಾಗ ಕೆಲವರು ಗೋಪಾಲಸ್ವಾಮಿಯವರನ್ನೂ ಕೆಲವರು ಕಸ್ತೂರಿಯವರನ್ನೂ ಸ್ಮರಿಸುವುದುಂಟು. ಯಾರ ಬಾಯಿಂದ ಮೊದಲು ಹೊರಟಿದ್ದರೂ ಆ ಶಬ್ದ ಹುಟ್ಟಿದ್ದು ಆ ಮನೆಯ ಗೆಳೆತನದಲ್ಲಿ. ಮನಶ್ಶಾಸ್ತ್ರದವರೊಬ್ಬರು, ಇತಿಹಾಸದವರೊಬ್ಬರು; ಇಬ್ಬರೂ ನಮ್ಮಂತೆ ಕಲಾ ವಿಭಾಗದವರೇ ಎಂಬುದನ್ನು ವಾಚಕರು ಗಮನಿಸಬೇಕು. ವಿದೇಶದ ಯಂತ್ರಕ್ಕೆ ಪರಭಾಷೆಯ ಹೆಸರನ್ನೇ ಉಳಿಸಿಕೊಳ್ಳದೆ, ಹಳ್ಳಿಯ ಮುದುಕಿಗೂ ಕೇಳಿದ ಕೂಡಲೇ ಅರ್ಥವಾಗುವ ಹಳೆಯ ಮಾತನ್ನು ಹುಡುಕಿ ಕೊಟ್ಟದ್ದು ಅವರ ಸಾಹಿತ್ಯಸಂಸ್ಕಾರದ ಫಲ. ಯಂತ್ರವನ್ನು ಹಣ ಕೊಟ್ಟರೆ ತರಿಸಬಹುದು. ಅಂಥ ಹೆಸರನ್ನು ತರಿಸುವುದು ಹೇಗೆ?

ಆದರೆ ಹಣದ ಮಾತನ್ನು ಬಿಡುವಂತಿಲ್ಲ. ಪ್ರಸಾರವೆಂದರೆ ಪ್ರತಿದಿನದ ಖರ್ಚು. ಯಂತ್ರದ ಕವಾಟಗಳು ಸುಟ್ಟುಹೋಗುತ್ತವೆ; ವಿದ್ಯುತ್ತಿಗೆ ಹಣ ಕಟ್ಟಬೇಕು; ಬಂದ ಕಲಾವಿದರನ್ನು ಗೌರವಿಸಬೇಕು. ಕೇಳುಗರಿಂದ ವಸೂಲಿ ಮಾಡುವ ದಾರಿ ಒಬ್ಬ ಖಾಸಗಿ ವ್ಯಕ್ತಿಗೆ ಇಲ್ಲ. ಗೋಪಾಲಸ್ವಾಮಿಯವರು ಸ್ವಂತ ಹಣವನ್ನೂ ಸಾರ್ವಜನಿಕರ ನೆರವನ್ನೂ ಕೂಡಿಸಿ ಸುಮಾರು ಆರು ವರ್ಷ ಆ ಭಾರವನ್ನು ಹೊತ್ತರು. ಕಡೆಗೆ 1942ರ ಜನವರಿ 1ರಂದು ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ, 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. 1955ರ ನವೆಂಬರ್ 2ರಂದು ನಿಲಯವನ್ನು ಬೆಂಗಳೂರಿಗೆ ಸಾಗಿಸಿದರು. ಹೀಗೆ ಎಲ್ಲಿ ಆಕಾಶವಾಣಿ ಹುಟ್ಟಿತೋ ಅದೇ ಮೈಸೂರು ಹತ್ತೊಂಬತ್ತು ವರ್ಷ ತನ್ನದೆನ್ನುವ ನಿಲಯವಿಲ್ಲದೆ ಕಳೆಯಬೇಕಾಯಿತು. 1974ರ ನವೆಂಬರ್ 14ರಂದು ಮೈಸೂರಿನಲ್ಲಿ ಮತ್ತೆ ನಿಲಯ ಆರಂಭವಾಯಿತು. ಅದು ಇರುವುದು ಹಿಂದಿನ ವಿಠಲ ವಿಹಾರಕ್ಕೆ ಬಹಳ ದೂರವಲ್ಲದ ಜಾಗದಲ್ಲಿ. ಆದರೆ ಆ ದಿನವನ್ನು ನೋಡಲು ಸ್ಥಾಪಕರು ಇರಲಿಲ್ಲ.

ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರಾಗಿಯೂ ಸೇವೆ ಸಲ್ಲಿಸಿ, ಒಂದು ತಲೆಮಾರಿನ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ತಿದ್ದಿದ ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಾದರು. ದೇಶದ ರೇಡಿಯೋ ಸಂಸ್ಥೆ ಆಕಾಶವಾಣಿ ಎಂಬ ಹೆಸರನ್ನು ಅಧಿಕೃತವಾಗಿ ಧರಿಸಿದ್ದೂ ಅದೇ 1957ರಲ್ಲಿ ಎಂದು ಇತಿಹಾಸ ಹೇಳುತ್ತದೆ. 2023ರ ಮೇ ತಿಂಗಳಿನಲ್ಲಿ ಪ್ರಸಾರ ಭಾರತಿಯವರು ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂಬುದೊಂದನ್ನೇ ಬಳಸಬೇಕೆಂದು ನಿರ್ಧರಿಸಿದರು. ನಿಲಯ ಕೈತಪ್ಪಿತು, ಮನೆಯ ಹೆಸರು ಮರೆಯಿತು, ಮನುಷ್ಯರೂ ಹೋದರು. ಅವರ ಮನೆಯ ಮಾತು ಮಾತ್ರ ದೇಶದ ತುಂಬ ಉಳಿಯಿತು.

ಇಷ್ಟು ಚರಿತ್ರೆ. ಇನ್ನು, ಇಂದಿನ ನಮಗೆ ಇದರಿಂದೇನು ಎಂದು ಸಹಪಾಠಿಗಳು ಕೇಳಬಹುದು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲು ಇದೆ. ಮನೆಯಲ್ಲಿ ರೇಡಿಯೋ ಕಟ್ಟುವ ಅಗತ್ಯವಾದರೂ ಏನು? ಈ ಪ್ರಶ್ನೆಗೆ ಉತ್ತರವಾಗಿ, ಗೋಪಾಲಸ್ವಾಮಿಯವರ ಹವ್ಯಾಸದ ಸಾಲಿಗೇ ಸೇರಿದ ಇಂದಿನ ಒಂದು ಹವ್ಯಾಸವನ್ನು ವಿವರಿಸುತ್ತೇನೆ. ಅದೆಂದರೆ ಕೈಯಾರೆ ಮಾಡಿದ, ಚೀಲದಲ್ಲಿ ಮಡಿಸಿ ಒಯ್ಯಬಹುದಾದ ಏರಿಯಲ್ಲಿನಿಂದ ಆಕಾಶದ ಉಪಗ್ರಹಗಳ ಧ್ವನಿಯನ್ನು ಹಿಡಿಯುವುದು.

ಹವ್ಯಾಸಿ ರೇಡಿಯೋದವರನ್ನು ಲೋಕವೆಲ್ಲ ಹ್ಯಾಮ್ ಎಂದು ಕರೆಯುತ್ತದೆ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸ್ ಪಡೆದವರಿಗೆ ಒಂದು ಕರೆಸಂಕೇತ ದೊರೆಯುತ್ತದೆ. ನಮ್ಮ ದೇಶದವರ ಸಂಕೇತಗಳು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತವೆ. ಇವರು ಲಾಭಕ್ಕಾಗಿ ಮಾತನಾಡುವಂತಿಲ್ಲ, ವ್ಯಾಪಾರದ ಸುದ್ದಿ ಕಳುಹಿಸುವಂತಿಲ್ಲ. ಕಲಿಯುವುದಕ್ಕೂ ಸ್ನೇಹಕ್ಕೂ ಆಪತ್ತಿನಲ್ಲಿ ನೆರವಾಗುವುದಕ್ಕೂ ಅವರಿಗೆ ಅನುಮತಿ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ನಿಕೋಬಾರ್ ದ್ವೀಪಗಳ ಟೆಲಿಫೋನ್ ಸಂಪರ್ಕವನ್ನು ಕಡಿದುಹಾಕಿದಾಗ, ಹವ್ಯಾಸದ ಕೆಲಸಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿದ್ದ ಹ್ಯಾಮ್‌ಗಳೇ ಸುದ್ದಿಯನ್ನು ಹೊರಲೋಕಕ್ಕೆ ಮುಟ್ಟಿಸಿದರು. ನಮ್ಮ ಎಚ್.ಡಿ. ಕೋಟೆಯ ಕಾಡಿನಂಚಿನ ಹಾಡಿಗಳಲ್ಲಿ ಮೊಬೈಲಿನ ಸಂಕೇತ ಸಿಗದೆ ದಿನ್ನೆ ಹತ್ತಿ ಮಾತನಾಡಿದವರಿಗೆ ಈ ಮಾತಿನ ತೂಕ ಬೇಗನೆ ಗೊತ್ತಾಗುತ್ತದೆ.

ಈ ಹ್ಯಾಮ್‌ಗಳಿಗೆಂದೇ ಆಕಾಶದಲ್ಲಿ ಉಪಗ್ರಹಗಳು ಹಾರಿವೆ. ಅವುಗಳಲ್ಲಿ ಒಂದು ನಮ್ಮ ನಾಡಿನದೇ. ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು ಇಸ್ರೋದವರು ಬೆಂಗಳೂರಿನಲ್ಲಿ ರೂಪಿಸಿ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿಸಿದರು. ಅದರಲ್ಲಿದ್ದ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದನ್ನು ಭಾರತದವರು ಮಾಡಿದರು. ಇನ್ನೊಂದನ್ನು ಮಾಡಿದವರು ಹಾಲೆಂಡಿನ ಒಬ್ಬ ವಿದ್ಯಾರ್ಥಿ! ಒಂಬತ್ತು ವರ್ಷ ಕೆಲಸಮಾಡಿ, ಬ್ಯಾಟರಿ ಕೆಟ್ಟು, 2014ರ ಜುಲೈಯಲ್ಲಿ ಅದು ಮೌನವಾಯಿತು. ಅದಕ್ಕೂ ಮುಂಚೆ 2002ರ ಡಿಸೆಂಬರ್ 20ರಂದು ಹಾರಿದ್ದ ಎಸ್‌ಒ-50 ಎಂಬ ಸೌದಿ ಅರೇಬಿಯದ ಪುಟ್ಟ ಉಪಗ್ರಹ ಎರಡು ದಶಕಗಳಿಗೂ ಹೆಚ್ಚು ಕಾಲ ಹ್ಯಾಮ್‌ಗಳ ಮಾತನ್ನು ಹೊತ್ತಿದೆ. ಅದರ ಪ್ರೇಷಕದ ಶಕ್ತಿ ಎಷ್ಟೆಂದು ಊಹಿಸಬಲ್ಲಿರಾ? ಒಂದು ವಾಟಿನ ನಾಲ್ಕನೆಯ ಒಂದು ಭಾಗ. ಗೋಪಾಲಸ್ವಾಮಿಯವರ ಮೊದಲ ಯಂತ್ರದ ಶಕ್ತಿಗೆ ಹೋಲಿಸಿದರೆ ನೂರಿಪ್ಪತ್ತರಲ್ಲಿ ಒಂದು ಪಾಲು.

ಮೈಸೂರಿನ 30 ವಾಟಿನ ಧ್ವನಿ ನಮ್ಮ ಹುಣಸೂರಿಗೆ ಬರಬೇಕಾದರೆ ಸುಮಾರು 45 ಕಿಲೋಮೀಟರನ್ನು ಕ್ರಮಿಸಿ ಬಡವಾಗಿ ಬರಬೇಕಾಗಿತ್ತು. ಆರುನೂರು ಕಿಲೋಮೀಟರಿಗೂ ಮೇಲಿನಿಂದ ಕಾಲು ವಾಟಿನ ಧ್ವನಿ ಬಂದು ಕಿವಿಗೆ ಬೀಳುವುದು ಹೇಗೆ? ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ದಾರಿ. ಹಳೆಯ ಕಾಲದ ಪ್ರಸಾರದ ಉದ್ದನೆಯ ಅಲೆಗಳು ನೆಲವನ್ನು ತಬ್ಬಿಕೊಂಡು ಹೋಗುತ್ತ ನೆಲಕ್ಕೇ ತಮ್ಮ ಶಕ್ತಿಯನ್ನು ಸುಂಕವಾಗಿ ತೆರುತ್ತವೆ. ಉಪಗ್ರಹದ ಗಿಡ್ಡ ಅಲೆಗಳು ಬೆಳಕಿನಂತೆ ನೇರವಾಗಿ ಬರುತ್ತವೆ. ತಲೆಯ ಮೇಲಿನ ಬಯಲಿನಲ್ಲಿ ಅವುಗಳಿಗೆ ಗುಡ್ಡದ ಅಡ್ಡಿಯೂ ಇಲ್ಲ, ಮರದ ಅಡ್ಡಿಯೂ ಇಲ್ಲ. ಎರಡನೆಯದು, ಇಂದಿನ ಗ್ರಾಹಕ ಯಂತ್ರಗಳ ಸೂಕ್ಷ್ಮತೆ. ಮೂರನೆಯದೂ ನಮ್ಮ ಕೈಯಲ್ಲಿರುವುದೂ ಏರಿಯಲ್. ದೂರದ ಹೊಲದವನ ಕೂಗನ್ನು ಕೇಳಬೇಕಾದರೆ ನಾವು ಕಿವಿಯ ಹಿಂದೆ ಅಂಗೈಯನ್ನು ಬಟ್ಟಲಿನಂತೆ ಹಿಡಿದು ಆ ಕಡೆಗೆ ತಿರುಗುತ್ತೇವೆ. ಏರಿಯಲ್ ಮಾಡುವ ಕೆಲಸವೂ ಅಂಥದೇ. ಎಲ್ಲ ದಿಕ್ಕಿನ ಗದ್ದಲವನ್ನು ಬಿಟ್ಟು ಒಂದು ದಿಕ್ಕಿನದನ್ನು ಮಾತ್ರ ಆರಿಸಿ ಕೊಡುತ್ತದೆ.

ಈ ಬಗೆಯ ಏರಿಯಲ್ಲನ್ನು ನಮ್ಮ ಹಳ್ಳಿಯವರೆಲ್ಲ ನೋಡಿಯೇ ಇದ್ದಾರೆ. ದೂರದರ್ಶನ ಬಂದ ಹೊಸದರಲ್ಲಿ ಹೆಂಚಿನ ಮನೆಗಳ ಮೇಲೆ ಉದ್ದನೆಯ ಕೋಲಿಗೆ ಕಟ್ಟಿದ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಕಡ್ಡಿಗಳಿರುತ್ತಿದ್ದವಷ್ಟೆ. ಅದೇ ಯಾಗಿ-ಉಡಾ ಏರಿಯಲ್. ಜಪಾನಿನ ಹಿಡೆತ್ಸುಗು ಯಾಗಿ ಮತ್ತು ಶಿಂತಾರೊ ಉಡಾ ಎಂಬ ಇಬ್ಬರು ಅದನ್ನು 1926ರಲ್ಲಿ ಲೋಕಕ್ಕೆ ತಿಳಿಸಿದರು. ಯಾಗಿ ಗುರು, ಉಡಾ ಕಿರಿಯ ಸಹಾಯಕರು. ಹೆಚ್ಚಿನ ಪ್ರಯೋಗಗಳನ್ನು ನಡೆಸಿದವರು ಉಡಾ ಆದರೂ ಲೋಕದ ಬಾಯಲ್ಲಿ ಉಳಿದದ್ದು ಯಾಗಿಯವರ ಹೆಸರು. ಆ ಉಡಾ ಅವರು 1955ರಿಂದ 1958ರವರೆಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿ ಯುನೆಸ್ಕೋ ತಜ್ಞರಾಗಿ ಕೆಲಸಮಾಡಿದ್ದರೆಂಬುದು ನಮಗೆ ಸಂತೋಷದ ಸಂಗತಿ. ಅವರಲ್ಲಿಯೂ ಗೋಪಾಲಸ್ವಾಮಿಯವರಲ್ಲಿಯೂ ನಾವು ಕಾಣುವುದು ಒಂದೇ ಕಥೆ. ವಸ್ತು ಉಳಿಯುತ್ತದೆ, ಮಾಡಿದವರ ಹೆಸರು ಹಿಂದಕ್ಕೆ ಸರಿಯುತ್ತದೆ.

ಈಗ ಮಾಡುವ ವಿಧಾನ. ಎಸ್‌ಒ-50 ಮಾತನಾಡುವುದು 436.795 ಮೆಗಾಹರ್ಟ್ಸ್‌ನಲ್ಲಿ. 300ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಇಲ್ಲಿ ಅದು ಸುಮಾರು 69 ಸೆಂಟಿಮೀಟರ್, ಅದರ ಅರ್ಧ 34 ಚಿಲ್ಲರೆ. ನೀರಿನ ಪ್ಲಾಸ್ಟಿಕ್ ಪೈಪಿನ ಒಂದು ತುಂಡು ಇದರ ಬೆನ್ನೆಲುಬು. ಕಡ್ಡಿಗಳಿಗೆ ಗಾರೆ ಕೆಲಸದವರ ಉಕ್ಕಿನ ಅಳತೆಯ ಟೇಪು ಸಾಕು. ಹಿಂಬದಿಯ ಕಡ್ಡಿ ಎಲ್ಲಕ್ಕಿಂತ ಉದ್ದ, ಸುಮಾರು 34 ಸೆಂಟಿಮೀಟರ್. ಅದು ಕನ್ನಡಿಯಂತೆ ಅಲೆಯನ್ನು ಹಿಂದಿರುಗಿಸುತ್ತದೆ. ಅದರ ಮುಂದಿನದು ಅಲೆಯನ್ನು ಹಿಡಿಯುವ ಕಡ್ಡಿ. ಇದನ್ನು ನಡುವೆ ಕತ್ತರಿಸಿ ಎರಡು ಭಾಗ ಮಾಡಿ, ಒಂದಕ್ಕೆ ಕೇಬಲ್ಲಿನ ಒಳತಂತಿಯನ್ನೂ ಇನ್ನೊಂದಕ್ಕೆ ಹೊರಜಾಲರಿಯನ್ನೂ ಬೆಸೆಯಬೇಕು. ಬೆಸೆಯುವ ಜಾಗದಲ್ಲಿ ಟೇಪಿನ ಬಣ್ಣವನ್ನು ಪೂರ್ತಿಯಾಗಿ ಕೆರೆದು ಉಕ್ಕು ಹೊಳೆಯುವಂತೆ ಮಾಡದಿದ್ದರೆ ಸೀಸ ಹಿಡಿಯುವುದಿಲ್ಲ. ಅದರ ಮುಂದಿನ ಎರಡು ಮೂರು ಕಡ್ಡಿಗಳು ಕ್ರಮವಾಗಿ ಗಿಡ್ಡ, 31 ಸೆಂಟಿಮೀಟರಿನ ಆಸುಪಾಸು. ಇವು ಅಲೆಗೆ ದಾರಿ ತೋರಿಸುವ ಕಡ್ಡಿಗಳು. ಟೇಪಿಗೆ ಮಡಿಸಿದರೆ ಮಡಿಯುವ, ಬಿಟ್ಟರೆ ತಾನೇ ನೆಟ್ಟಗಾಗುವ ಗುಣವಿರುವುದರಿಂದ ಇದನ್ನು ಚೀಲಕ್ಕೆ ತುರುಕಿ ಬಸ್ಸಿನಲ್ಲಿ ಒಯ್ಯಬಹುದು. ಕಾಫಿ ತೋಟದ ಬೇಲಿಯಲ್ಲಿ ನುಸುಳಿದರೂ ಮುರಿಯುವುದಿಲ್ಲ.

ಆಕಾಶದ ಹಕ್ಕಿಯನ್ನು ಹಿಡಿಯುವುದಕ್ಕೆ ವೇಳಾಪಟ್ಟಿ ಬೇಕು. ಅದು ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ದೊರೆಯುತ್ತದೆ. ಉಪಗ್ರಹ ಒಂದು ದಿಕ್ಕಿನ ಅಂಚಿನಲ್ಲಿ ಹುಟ್ಟಿ ಇನ್ನೊಂದು ಅಂಚಿನಲ್ಲಿ ಮುಳುಗುವುದಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಅಷ್ಟು ಹೊತ್ತೂ ಏರಿಯಲ್ಲನ್ನು ಅದರ ಕಡೆಗೆ ಹಿಡಿದು ತಿರುಗಿಸುತ್ತಿರಬೇಕು. ಉಪಗ್ರಹ ತಾನೂ ಉರುಳುವುದರಿಂದ ನಮ್ಮ ಮಣಿಕಟ್ಟನ್ನೂ ಆಗಾಗ ಹೊರಳಿಸಿ ಧ್ವನಿ ಎಲ್ಲಿ ತಿಳಿಯಾಗುವುದೆಂದು ನೋಡಬೇಕು. ಇನ್ನೊಂದು ಸ್ವಾರಸ್ಯವುಂಟು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರೈಲುದಾರಿ ಇರುವುದು ಕೆ.ಆರ್. ನಗರದಲ್ಲಿ ಮಾತ್ರ. ಅಲ್ಲಿನ ನಿಲ್ದಾಣದಲ್ಲಿ ನಿಂತವರಿಗೆ ಗೊತ್ತು: ಎದುರಿಗೆ ಬರುವ ರೈಲಿನ ಕೂಗು ಹೆಚ್ಚು ಕೀಚಾಗಿ ಕೇಳಿಸುತ್ತದೆ, ದಾಟಿಹೋದ ಮೇಲೆ ದಪ್ಪನಾಗುತ್ತದೆ. ಉಪಗ್ರಹದ ಅಲೆಯೂ ಹಾಗೆಯೇ. ಹತ್ತಿರ ಬರುವಾಗ ನಿಜವಾದ ಸಂಖ್ಯೆಗಿಂತ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಕೇಳಿಬರುತ್ತದೆ. ಅದಕ್ಕೆ ತಕ್ಕಂತೆ ಗ್ರಾಹಕದ ಮುಳ್ಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬರಬೇಕು.

ಈ ಏರಿಯಲ್ಲನ್ನು ನಾನೂ ಕಟ್ಟಿದ್ದೇನೆ. ಲೈಸೆನ್ಸ್ ಪಡೆದ ಹಿರಿಯರೊಬ್ಬರು ತಮ್ಮ ಯಂತ್ರದೊಡನೆ ಜೊತೆಗಿದ್ದು ಕೇಳಿಸಿದರು. ಮೊದಲು ಬರಿಯ ಸೋನೆಮಳೆಯಂಥ ಸದ್ದು. ದಕ್ಷಿಣದ ಕಡೆ ಏರಿಯಲ್ ತಿರುಗಿಸಿ ಕಾಯುತ್ತಿದ್ದಾಗ ಸದ್ದು ತಟ್ಟನೆ ಅಡಗಿತು. ಆ ಮೌನದೊಳಗಿಂದ ಒಬ್ಬರು ತಮ್ಮ ಕರೆಸಂಕೇತವನ್ನು ಹೇಳಿದರು, ಇನ್ನೊಬ್ಬರು ಉತ್ತರ ಕೊಟ್ಟರು. ಒಬ್ಬರು ಯಾವ ಊರಿನವರೋ, ಇನ್ನೊಬ್ಬರು ಯಾವ ದೇಶದವರೋ. ಇಬ್ಬರ ಮಾತೂ ನಮ್ಮ ಹೊಲದ ಬದುವಿನ ಮೇಲೆ ಬಂದು ಇಳಿದಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರಿಗೆ ರೇಡಿಯೋ ಎಂದರೆ ದೊಡ್ಡವರು ಮಾತನಾಡುವುದು, ನಾವು ಕೇಳುವುದು. ಅವರು ಟೇಪಿನ ಕಡ್ಡಿಗಳನ್ನು ಮುಟ್ಟಿ ನೋಡಿ, ಇದರಿಂದ ನಾವೂ ಮಾತನಾಡಬಹುದೇ ಎಂದು ಕೇಳಿದರು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದರೆ ಮಾತನಾಡಬಹುದೆಂದೆ. ಅವರು ಹಾಗಾದರೆ ಬರೆ ಎಂದರು.

ಅಂದು ನನಗೆ ಗೋಪಾಲಸ್ವಾಮಿಯವರ ಕೆಲಸದ ಒಳಗುಟ್ಟು ಅರ್ಥವಾದಂತಾಯಿತು. ಅವರ ಕಾಲದಲ್ಲಿಯೂ ಪ್ರಸಾರವೆಂದರೆ ಮುಂಬಯಿಯ, ಕಲ್ಕತ್ತೆಯ ದೊಡ್ಡವರ ಕೆಲಸವಾಗಿತ್ತು. ಕನ್ನಡದಲ್ಲಿ ಮಾತನಾಡುವ ನಿಲಯವೊಂದು ಯಾರಾದರೂ ಕೊಟ್ಟಾಗ ಬರಲಿ ಎಂದು ಅವರು ಕಾದಿದ್ದರೆ ಅದು ಎಷ್ಟು ವರ್ಷ ತಡವಾಗುತ್ತಿತ್ತೋ ಹೇಳಲಾಗದು. ತಮ್ಮ ಮನೆಯನ್ನೇ ನಿಲಯ ಮಾಡಿದರು. ಇದ್ದ ಶಕ್ತಿ 30 ವಾಟ್, ಅದರಿಂದಲೇ ತೊಡಗಿದರು. ಅದು ಸಾಲದೆಂದು ಕಂಡಾಗ ಹೆಚ್ಚಿಸಿದರು. ಹೊರಲಾರದ ಕಾಲ ಬಂದಾಗ ನಿಲಯ ನಿಂತುಹೋಗಲು ಬಿಡದೆ ಸರ್ಕಾರದ ವಶಕ್ಕೆ ಕೊಟ್ಟರು. ಹೊಣೆಯನ್ನು ಹೊರುವುದರಷ್ಟೇ ಅದನ್ನು ಸಕಾಲದಲ್ಲಿ ಇಳಿಸುವುದೂ ದೊಡ್ಡ ಗುಣ. ಮನಸ್ಸನ್ನು ಅಧ್ಯಯನಮಾಡಿದವರಾದುದರಿಂದ, ಒಬ್ಬನ ಮನಸ್ಸಿನಿಂದ ಇನ್ನೊಬ್ಬನ ಮನಸ್ಸಿಗೆ ದಾರಿ ಮಾಡಿಕೊಡುವ ಯಂತ್ರ ಅವರಿಗೆ ಪ್ರಿಯವಾಯಿತೆಂದು ನನಗೆ ತೋರುತ್ತದೆ.

ಕೊನೆಯದಾಗಿ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ವಿನಂತಿ. ನಮ್ಮ ಕಾಲೇಜಿನಲ್ಲಿ ಹವ್ಯಾಸಿ ರೇಡಿಯೋ ಸಂಘವೊಂದು ಹುಟ್ಟಲಿ. ಲೈಸೆನ್ಸಿನ ಪರೀಕ್ಷೆಗೆ 12 ವರ್ಷ ದಾಟಿದವರು ಕುಳಿತುಕೊಳ್ಳಬಹುದು. ವಿಜ್ಞಾನದ ಪದವಿ ಬೇಕೆಂಬ ನಿಯಮವಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವವರೂ ಕಲಿಯಬಹುದಾದಷ್ಟೇ ವಿದ್ಯುತ್ ಶಾಸ್ತ್ರ ಅದರಲ್ಲಿದೆ. ಒಂದು ಪೈಪು, ಒಂದು ಟೇಪು, ಸ್ವಲ್ಪ ಕೇಬಲ್ಲು ಇವುಗಳಿಗೆ ದೊಡ್ಡ ಅನುದಾನವೂ ಬೇಕಾಗಿಲ್ಲ. ಕಬಿನಿಗೆ ನೆರೆ ಬಂದು ಎಚ್.ಡಿ. ಕೋಟೆಯ ಕಡೆಯ ದಾರಿ ಮುಚ್ಚಿದಾಗ, ಮೊಬೈಲಿನ ಗೋಪುರಗಳು ಮೂಕವಾದಾಗ, ಸುದ್ದಿ ಮುಟ್ಟಿಸಬಲ್ಲ ನಾಲ್ಕು ಮಂದಿ ಲೈಸೆನ್ಸ್ ಪಡೆದ ವಿದ್ಯಾರ್ಥಿಗಳು ನಾಲ್ಕು ತಾಲ್ಲೂಕುಗಳಲ್ಲಿದ್ದರೆ ಅದು ನಮ್ಮ ಜನಕ್ಕೆ ನಿಜವಾದ ಉಪಕಾರ. ಆ ಸಂಘಕ್ಕೆ ಯಾರ ಹೆಸರಿಡಬೇಕೆಂಬ ಚರ್ಚೆ ಬಂದರೆ, ದೇಶಕ್ಕೆ ಹೆಸರು ಕೊಟ್ಟು ತಮ್ಮ ಹೆಸರನ್ನು ಕೇಳದೆ ಹೋದ ಡಾ. ಗೋಪಾಲಸ್ವಾಮಿಯವರನ್ನು ನೆನೆಯೋಣ.